ಸೆರೆಮನೆಯ ಕಾಗದ: ಸಾದ್ ಮತ್ತು ಜೆನೆ

ಫ್ರೆಂಚ್ ಲೇಖಕರಾದ ಮಾರ್ಕ್ವಿಸ್ ದ ಸಾದ್ ಹಾಗೂ ಜೀನ್ ಜೆನೆ ಇವರನ್ನು ನೀತಿಭಂಜಕರೆಂದು ಜೊತೆಗಿಡುವುದು ವಾಡಿಕೆ. ಅದಕ್ಕಿಂತ ಗಟ್ಟಿಯಾದ ಸಾಮ್ಯ ಅವರು ಬರೆದ ಕಾಗದದಲ್ಲಿದೆ. 1785ರಲ್ಲಿ ಬಾಸ್ಟೀಲ್ ಕೋಟೆಯ ಬಂದಿಯಾಗಿದ್ದ ಸಾದ್, ಜಪ್ತಿಗೆ ಅಂಜಿ, ಸಣ್ಣ ಹಾಳೆಗಳನ್ನು ಅಂಟಿಸಿದ ಸುಮಾರು 12 ಮೀಟರ್ ಉದ್ದದ ಸುರುಳಿಯ ಎರಡೂ ಬದಿಗಳಲ್ಲಿ ‘ಸೊಡೊಮ್‌ನ 120 ದಿನಗಳು’ ಕೃತಿಯನ್ನು 37 ದಿನಗಳಲ್ಲಿ ಬರೆದನು. 1789ರ ಜುಲೈ 4ರಂದು ಅವನನ್ನು ಬೇರೆಡೆಗೆ ಒಯ್ದರು. ಹತ್ತು ದಿನಗಳಲ್ಲಿ ಕೋಟೆ ಜನರ ವಶವಾಯಿತು. ಸುರುಳಿ ಕಳೆದೇಹೋಯಿತೆಂದು ನಂಬಿಯೇ ಅವನು 1814ರಲ್ಲಿ ತೀರಿಕೊಂಡನು. ಅದು ಅಚ್ಚಾದದ್ದು 1904ರಲ್ಲಿ.

ಜೆನೆ 1942ರಲ್ಲಿ ಫ್ರೆನ್ ಸೆರೆಮನೆಯಲ್ಲಿ ಬರೆದದ್ದು ಕೈದಿಗಳಿಗೆ ಚೀಲ ಮಾಡಲೆಂದು ಕೊಡುತ್ತಿದ್ದ ಕಂದು ಕಾಗದದ ಮೇಲೆ. ಕಾವಲುಗಾರನು ಅದನ್ನು ಸುಟ್ಟನೆಂದೂ ಜೆನೆ ಮೊದಲಿನಿಂದ ಮತ್ತೆ ಬರೆದನೆಂದೂ ಸಾರ್ತ್ರ್ ಹೇಳುತ್ತಾನೆ. ಸಾದ್‌ನಿಂದ ಇದು ಆಗಲಿಲ್ಲ. ಅವನ ಸುರುಳಿಯನ್ನು ಫ್ರಾನ್ಸ್ 2017ರಲ್ಲಿ ರಾಷ್ಟ್ರೀಯ ನಿಧಿಯೆಂದು ಸಾರಿತು.