ನಮ್ಮ ಫ್ಲ್ಯಾಟ್, ಅಜ್ಜಿಯ ಗದ್ದೆ ಮತ್ತು ‘ಗೇಣಿ’ ಅನ್ನೋ ಒಂದು ಪದ

ಇವತ್ತಿನ ಕಥೆ ಶುರುವಾಗೋದು ಒಂದು ಕ್ರಯಪತ್ರದಿಂದ.

ಬೈಂದೂರು ಕಡೆಯ ಗದ್ದೆಯಲ್ಲಿ ತನಗೆ ಬಂದ ಪಾಲನ್ನು ಮಾರಿ ಅಪ್ಪ ಕುಂದಾಪುರದಲ್ಲಿ ಒಂದು ಫ್ಲ್ಯಾಟ್ ನೋಡಿದ್ರು. ಅಡ್ವಾನ್ಸೂ ಕೊಟ್ಟಾಗಿತ್ತು. ಕರಡು ಪತ್ರ ಓದ್ತಾ ಇದ್ದಾಗ ಒಂದು ಸಾಲು ಸಿಕ್ಕಿತು: ಜಾಗದ ಹಕ್ಕು ‘ಮೂಲಗೇಣಿ’. ಅಪ್ಪ ಗಾಬರಿಯಾದ್ರು. “ಗೇಣಿ ಅಂದ್ರೆ ಲೀಸ್ ಅಲ್ವಾ ಮಗಾ? ಅವಧಿ ಮುಗಿದ್ರೆ ಎಂತ ಮಾಡೋದು?”

ನಾನು ಬಿಕಾಂ. ಲೀಸ್ ಅಂದ್ರೆ ಅದಕ್ಕೊಂದು ಅವಧಿ ಇರುತ್ತೆ ಅಂತಲೇ ಕಲಿತವನು. ಇಂಗ್ಲೆಂಡಿನಲ್ಲಿ ಎಷ್ಟೋ ಫ್ಲ್ಯಾಟ್‌ಗಳು 99 ಅಥವಾ 125 ವರ್ಷದ ಲೀಸ್ ಮೇಲಿರುತ್ತವೆ. ವರ್ಷ ಕಡಿಮೆಯಾದಷ್ಟೂ ಬೆಲೆ ಇಳಿಯುತ್ತೆ, ದುಡ್ಡು ಕೊಟ್ಟು ಅವಧಿ ವಿಸ್ತರಿಸಿಕೊಳ್ಳಬೇಕು. ನಮ್ಮದೂ ಹಾಗೇನಾ?

ಅಲ್ಲ. ನಮ್ಮ ಕರಾವಳಿಯಲ್ಲಿ ಗೇಣಿ ಅಂದ್ರೆ ಒಂದೇ ನಮೂನೆಯದ್ದಲ್ಲ. ‘ಮೂಲಗೇಣಿ’ ಶಾಶ್ವತ: ಗೇಣಿ ನಿಗದಿ, ಹಕ್ಕು ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತೆ. ‘ವಾಯಿದೆ ಗೇಣಿ’ಗೆ ಅವಧಿ ಉಂಟು. ‘ಚಾಲಗೇಣಿ’ಗೆ ಯಾವ ಭದ್ರತೆಯೂ ಇಲ್ಲ, ಧಣಿ ಬೇಡ ಅಂದ್ರೆ ಗದ್ದೆ ಬಿಡಬೇಕು. 1801ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಮೂಲಗೇಣಿ, ಚಾಲಗೇಣಿ ಎರಡನ್ನೂ ಬರೆದಿಟ್ಟಿದ್ದಾನೆ. ಅಂದ್ರೆ ಈ ಪದಗಳಿಗೆ ಇನ್ನೂರು ವರ್ಷದ ಮೇಲಾಯ್ತು.

ನಮ್ಮ ಅಜ್ಜಿ ಮನೆಯವರು ಚಾಲಗೇಣಿಯ ಒಕ್ಕಲು. ಅಜ್ಜಿ ಈಗಲೂ ಹೇಳ್ತಾರೆ: “ಮಳಿ ಬರ್ಲಿ ಬಿಡ್ಲಿ, ಗೇಣಿ ಅಕ್ಕಿ ಅಳ್ದ್ ಕೊಡ್ಕಿತ್ತ್ ಮಗಾ.” ಮುಡಿ ಕಟ್ಟಿ ಧಣಿಯ ಮನೆಗೆ ಮುಟ್ಟಿಸಿದ ಮೇಲೆ ಉಳಿದದ್ದು ಊಟಕ್ಕೆ.

ಆಮೇಲೆ 1974. ದೇವರಾಜ ಅರಸು ಮುಖ್ಯಮಂತ್ರಿ. ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು, ಮಾರ್ಚ್ 1ರಿಂದ ಗೇಣಿಯಲ್ಲಿದ್ದ ಕೃಷಿ ಜಮೀನು ಸರ್ಕಾರದ ವಶ. ಉಳುವವರು ಭೂ ನ್ಯಾಯಮಂಡಳಿಗೆ ಫಾರಂ 7 ಕೊಟ್ಟು ಹಕ್ಕು ಕೇಳಬೇಕು. ನಮ್ಮೂರ ಬಾಯಲ್ಲಿ ಅದು ‘ಡಿಕ್ಲರೇಷನ್’. ಕೊನೆಯ ದಿನ 1979ರ ಜೂನ್ 30. ಅಜ್ಜ ಹೆದರಿ ಹೆದರಿ ಕೊಟ್ಟರಂತೆ, ಧಣಿಯ ಮುಖ ಹೇಗೆ ನೋಡೋದು ಅಂತ. ಅದೇ ಒಂದು ಕಾಗದದಿಂದ ಗದ್ದೆ ನಮ್ಮದಾಯ್ತು.

ಆದರೆ ಆ ತಿದ್ದುಪಡಿ ಇದ್ದದ್ದು ಕೃಷಿ ಜಮೀನಿಗೆ. ಪೇಟೆಯಲ್ಲಿ ಮೂಲಗೇಣಿ ಜಾಗದ ಮೇಲಿದ್ದ ಮನೆ, ಅಂಗಡಿಗಳು ಹಾಗೇ ಉಳಿದವು. ನಿಗದಿಯಾದ ಗೇಣಿ ಬೆಲೆಯೇರಿಕೆಯ ಮುಂದೆ ಚಿಲ್ಲರೆ ಕಾಸಾಯ್ತು. ಆದರೂ ದಾಖಲೆಯಲ್ಲಿ ಮೂಲದಾರನ ಹೆಸರು ಇತ್ತು, ಕೆಲವು ಪತ್ರಗಳಲ್ಲಿ ಜಾಗ ಮಾರೋದಕ್ಕೆ ನಿರ್ಬಂಧವೂ ಇತ್ತು. ಹಾಗಾಗಿ 2011ರಲ್ಲಿ ಮೂಲಗೇಣಿ, ಒಳಮೂಲಗೇಣಿದಾರರಿಗೆ ಒಡೆತನ ಕೊಡುವ ಪ್ರತ್ಯೇಕ ಕಾಯ್ದೆಯನ್ನೇ ಮಾಡಿದ್ರು: ಮೂಲದಾರರಿಗೆ ಪರಿಹಾರ ಕಟ್ಟಿ ಹಕ್ಕು ಪಡೆಯೋದು. ಅಂದ್ರೆ ನಮ್ಮಲ್ಲಿ ಅವಧಿ ವಿಸ್ತರಿಸುವ ಪ್ರಶ್ನೆಯೇ ಅಲ್ಲ, ಗೇಣಿಯನ್ನೇ ಮುಗಿಸುವ ಪ್ರಶ್ನೆ.

ಅಪ್ಪನಿಗೆ ಸಮಾಧಾನ ಆಯ್ತು. ವಕೀಲರಿಗೆ ತೋರಿಸಿ, ಮೂಲಪತ್ರದ ಷರತ್ತು ಓದಿಸಿಯೇ ಮುಂದುವರಿದ್ವಿ.

ನನಗೆ ಮಾತ್ರ ಒಂದು ವಿಷಯ ಕೊರೀತಾ ಉಂಟು. ಅಜ್ಜಿಯ ಗದ್ದೆಯಲ್ಲಿ ನೇಜಿ ನೆಟ್ಟವರು ಬೇರೆಯವರೂ ಇದ್ರು. ಅವರನ್ನು ‘ಮೂಲದ ಆಳು’ ಅಂತಿದ್ರಂತೆ. ‘ಮೂಲ’ ಅನ್ನೋ ಪದ ಗೇಣಿಯ ಹಿಂದೆ ಬಂದ್ರೆ ಶಾಶ್ವತ ಹಕ್ಕು, ಆಳಿನ ಹಿಂದೆ ಬಂದ್ರೆ ತಲೆಮಾರಿನ ಬಂಧನ. ಅವರ ಹೆಸರಲ್ಲಿ ಗೇಣಿ ಇರಲಿಲ್ಲ, ಹಾಗಾಗಿ ಡಿಕ್ಲರೇಷನ್ ಕೊಡೋಕೂ ಏನೂ ಇರಲಿಲ್ಲ. ನಮ್ಮ ಕೋಟದ ಶಿವರಾಮ ಕಾರಂತರು ‘ಚೋಮನ ದುಡಿ’ಯಲ್ಲಿ ಬರೆದದ್ದು ಅಂಥವನ ಆಸೆಯನ್ನೇ: ಚೋಮನಿಗೆ ಬೇಕಿದ್ದದ್ದು ಬೇಸಾಯಕ್ಕೆ ಒಂದು ತುಂಡು ಭೂಮಿ.

“ಅವರಿಗೆ ಎಂತ ಸಿಕ್ತು ಅಜ್ಜಿ?” ಅಂತ ಕೇಳಿದೆ. ಅಜ್ಜಿ ತುಂಬಾ ಹೊತ್ತು ಮಾತಾಡ್ಲಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಕೇಳ್ತಾ ಇರೋರು ಇವತ್ತು ಮನೆಯ ಹಳೆ ಪತ್ರ ತೆಗೆದು ನೋಡಿ. ಯಾವ ಗೇಣಿ, ಯಾರ ಹೆಸರು ಅಂತ ಓದಿ. ಯಾರ ಹೆಸರು ಅದರಲ್ಲಿ ಇಲ್ಲ ಅಂತಾನೂ ಮನೆಯ ಹಿರಿಯರನ್ನು ಕೇಳಿ.

ಮುಂದಿನ ಕಂತಲ್ಲಿ ಸಿಗೋಣ.