ಮುಧೋಳ ಹೌಂಡ್: ಹೆಸರು ಬಂದ ಬಗೆ

ತಳಿಯ ಹೆಸರಿನಲ್ಲಿ ಊರಿನ ಹೆಸರಿದ್ದರೆ ಆ ನಾಯಿ ಅಲ್ಲೇ ಹುಟ್ಟಿದ್ದೆಂದು ನೀವು ಭಾವಿಸಬಹುದು. ಇದು ಯಾವಾಗಲೂ ನಿಜವಲ್ಲ. ನಮ್ಮ ಮುಧೋಳ ಹೌಂಡ್ ಇದಕ್ಕೆ ಒಳ್ಳೆಯ ಉದಾಹರಣೆ.

ಮುಧೋಳ ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿದೆ. ಸ್ವಾತಂತ್ರ್ಯಕ್ಕೆ ಮೊದಲು ಅದು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಈ ಬೇಟೆನಾಯಿಗಳನ್ನು ಕಾಪಾಡಿ ಬೆಳೆಸಿದ ಕೀರ್ತಿ ರಾಜಾ ಮಾಲೋಜಿರಾವ್ ಘೋರ್ಪಡೆಯವರಿಗೆ ಸಲ್ಲುತ್ತದೆ.

ಇನ್ನು 'ಹೌಂಡ್'. ಹಳೆಯ ಇಂಗ್ಲಿಷಿನಲ್ಲಿ 'ಹುಂಡ್' ಎಂದರೆ ಯಾವುದೇ ನಾಯಿ. ಜರ್ಮನ್ ಭಾಷೆಯಲ್ಲಿ ಇಂದಿಗೂ ಅದೇ ಅರ್ಥ. ಇಂಗ್ಲಿಷಿನಲ್ಲಿ ಮಾತ್ರ ಅದು ಕ್ರಮೇಣ ಬೇಟೆನಾಯಿಗೆ ಸೀಮಿತವಾಯಿತು. ಸಂಸ್ಕೃತದ 'ಶ್ವಾನ' ಇದರ ದೂರದ ಬಂಧು. ಕನ್ನಡದ 'ನಾಯಿ' ಇವೆರಡಕ್ಕೂ ಸಂಬಂಧಿಸದ ದ್ರಾವಿಡ ಪದ.

ಇದೇ ನಾಯಿಗೆ 'ಕಾರವಾನ್ ಹೌಂಡ್' ಎಂಬ ಹೆಸರೂ ಇದೆ. ಪಾರಸಿಯಲ್ಲಿ 'ಕಾರವಾನ್' ಎಂದರೆ ಒಟ್ಟಾಗಿ ಸಾಗುವ ಪ್ರಯಾಣಿಕರ, ವರ್ತಕರ ತಂಡ. ಉದ್ದಗೂದಲಿನ ಬಗೆಗೆ 'ಪಶ್ಮಿ' ಎನ್ನುತ್ತಾರೆ. ಪಾರಸಿಯ 'ಪಶ್ಮ್' ಎಂದರೆ ಉಣ್ಣೆ. ನೀಳ ತಲೆ, ಆಳವಾದ ಎದೆಗೂಡು, ಕಿರಿದಾದ ಸೊಂಟ ಇವೆಲ್ಲ ಪಶ್ಚಿಮ ಏಷ್ಯಾದ ಸಲೂಕಿ ನಾಯಿಯನ್ನು ಹೋಲುತ್ತವೆ. ಆದ್ದರಿಂದ ಇದರ ಪೂರ್ವಜರು ಅಲ್ಲಿಂದ ಬಂದಿರಬಹುದೆಂಬ ಊಹೆಯಿದೆ. ಆದರೆ ಎಚ್ಚರ! ಪದ ಪಯಣಿಸಿದ ಮಾತ್ರಕ್ಕೆ ಪ್ರಾಣಿಯೂ ಪಯಣಿಸಿತೆನ್ನಲಾಗದು. ವೇಗದ ಓಟಕ್ಕಾಗಿ ಪೀಳಿಗೆಗಳುದ್ದಕ್ಕೂ ಆಯ್ಕೆ ಮಾಡಿದರೆ ಬೇರೆ ಬೇರೆ ಮೂಲದ ನಾಯಿಗಳಿಗೂ ಒಂದೇ ಮೈಕಟ್ಟು ಬರಬಹುದು. ಇಲ್ಲಿ ಡಿಎನ್‌ಎ ಸಾಕ್ಷ್ಯವೇ ಬೇಕು.

ಹೆಸರಿನ ಬಗ್ಗೆ ಜನಪ್ರಿಯ ಕಥೆಯೊಂದಿದೆ. ಮಾಲೋಜಿರಾವ್ ಒಂದು ಜೊತೆ ನಾಯಿಗಳನ್ನು ದೊರೆ ಐದನೆಯ ಜಾರ್ಜ್‌ಗೆ ಉಡುಗೊರೆಯಾಗಿ ನೀಡಿದರು. ಅವನೇ ಅವನ್ನು 'ಮುಧೋಳದ ಹೌಂಡ್' ಎಂದು ಕರೆದನು ಎನ್ನುತ್ತಾರೆ. ಕೆಲವು ಬರಹಗಳು ಇದು ನಡೆದುದು 1937ರಲ್ಲಿ ಎನ್ನುತ್ತವೆ. ಆದರೆ ಆ ದೊರೆ 1936ರ ಜನವರಿಯಲ್ಲೇ ತೀರಿಕೊಂಡಿದ್ದ! ಕಥೆ ನಿಜವಿರಬಹುದು, ಆ ಇಸವಿ ಮಾತ್ರ ನಿಜವಲ್ಲ. ಎರಡು ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಇತಿಹಾಸದ ಅತ್ಯಂತ ಸರಳ ಪ್ರಯೋಗ. ತರಗತಿಯಲ್ಲಿ ನೀವೂ ಇದನ್ನು ಮಾಡಿಸಬಹುದು.

ಹೆಸರಿನಿಂದ ಏನಾಗಬೇಕು ಎನ್ನುವಿರಾ? ಕೆನೆಲ್ ಕ್ಲಬ್ ಆಫ್ ಇಂಡಿಯಾ 'ಕಾರವಾನ್' ಎಂದೂ, ಇಂಡಿಯನ್ ನ್ಯಾಷನಲ್ ಕೆನೆಲ್ ಕ್ಲಬ್ 'ಮುಧೋಳ' ಎಂದೂ ಈ ತಳಿಯನ್ನು ದಾಖಲಿಸಿದವು. ಹೀಗೆ ಎರಡು ಹೆಸರುಗಳಾದಾಗ ವಂಶಾವಳಿಯ ದಾಖಲೆಗಳೂ ಹಂಚಿಹೋಗುತ್ತವೆ. ವಂಶಾವಳಿ ತಿಳಿಯದಿದ್ದರೆ ಹತ್ತಿರದ ರಕ್ತಸಂಬಂಧಿಗಳ ನಡುವಿನ ಸಂಕರವನ್ನು ತಡೆಯುವುದು ಕಷ್ಟ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಈ ನಾಯಿಯ ಅಂಚೆಚೀಟಿಯನ್ನು ಮುಧೋಳದ ಹೆಸರಿನಲ್ಲೇ ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದರ ಸಂರಕ್ಷಣೆಗಾಗಿ ಸಂಶೋಧನಾ ಕೇಂದ್ರವೂ ಇದೆ. ತಳಿ ಎಲ್ಲಿಂದಲೇ ಬಂದಿರಲಿ, ಅದನ್ನು ಸಾಕಿ ಉಳಿಸಿದ ಊರಿನ ಹೆಸರು ಅದಕ್ಕೆ ಸಲ್ಲುವುದು ಉಚಿತವೇ ಅಲ್ಲವೇ?