ವೆನಿಸ್ ನಗರದ ಉಂಡೆ ಚುನಾವಣೆ

ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ‘ಬ್ಯಾಲೆಟ್’ ಎಂಬ ಮಾತು ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ. ಇಂಗ್ಲಿಷರ ಮೂಲಕ ನಮಗೆ ಬಂದ ಈ ಶಬ್ದ ಹುಟ್ಟಿನಿಂದ ಇಂಗ್ಲಿಷಿನದಲ್ಲ, ಇಟಲಿಯದು. ಅಲ್ಲಿ ‘ಬಲ್ಲೊತ್ತ’ ಎಂದರೆ ಸಣ್ಣ ಉಂಡೆ. ಹದಿನಾರನೆಯ ಶತಮಾನದ ಇಂಗ್ಲಿಷ್ ಲೇಖಕರು ವೆನಿಸ್ ನಗರದ ಆಡಳಿತವನ್ನು ಬಣ್ಣಿಸುವಾಗ ಅದನ್ನು ತಮ್ಮ ಭಾಷೆಗೆ ತಂದುಕೊಂಡರು. ಆ ಊರಿನವರು ಮತ ಹಾಕುತ್ತಿದ್ದುದು ಬಟ್ಟೆಯ ಉಂಡೆಗಳಿಂದ. ಬಟ್ಟೆಯದೇ ಏಕೆಂದರೆ ಅದು ಪೆಟ್ಟಿಗೆಯೊಳಗೆ ಬಿದ್ದಾಗ ಸದ್ದಾಗಬಾರದು. ಸದ್ದಾದರೆ ಅದು ‘ಹೌದು’ ಎಂಬ ಗೂಡಿಗೆ ಬಿತ್ತೋ ‘ಅಲ್ಲ’ ಎಂಬ ಗೂಡಿಗೆ ಬಿತ್ತೋ ಎಂದು ಪಕ್ಕದವನು ಊಹಿಸಿಯಾನು! ಇಷ್ಟು ಸಣ್ಣ ಸಂಗತಿಗೇ ಇಷ್ಟು ತಲೆ ಕೆಡಿಸಿಕೊಂಡ ಜನ ತಮ್ಮ ನಗರದ ಮುಖ್ಯಾಧಿಕಾರಿಯನ್ನು ಆರಿಸಲು ಎಂಥ ನಿಯಮ ಮಾಡಿರಬಹುದು?

ಆ ಅಧಿಕಾರಿಯ ಹೆಸರು ಡೋಜ. ಒಮ್ಮೆ ಆರಿಸಿದರೆ ಸಾಯುವವರೆಗೂ ಅವನೇ. ಹಾಗೆಂದು ಎಲ್ಲ ಡೋಜರೂ ಹಾಸಿಗೆಯ ಮೇಲೆ ಸತ್ತರೆಂದು ತಿಳಿಯಬೇಡಿ. ಮೊದಲ ಶತಮಾನಗಳಲ್ಲಿ ಕೊಲೆಯಾದವರು, ಕಣ್ಣು ಕೀಳಿಸಿಕೊಂಡವರು, ಮಠಕ್ಕೆ ಅಟ್ಟಿಸಿಕೊಂಡವರು ಬಹಳ ಮಂದಿ. 976ರಲ್ಲಿ ನಾಲ್ಕನೆಯ ಪಿಯೆತ್ರೊ ಕಾಂದಿಯಾನೊ ಎಂಬ ಡೋಜ ತನ್ನನ್ನು ಅರಸನೆಂದೇ ಭಾವಿಸಿ ದರ್ಪ ನಡೆಸಿದಾಗ ಜನ ಅವನ ಅರಮನೆಯ ಪಕ್ಕದ ಮನೆಗಳಿಗೆ ಬೆಂಕಿ ಹಚ್ಚಿದರು. ಬೆಂಕಿ ಅರಮನೆಗೂ ಸಂತ ಮಾರ್ಕನ ಗುಡಿಗೂ ಹಬ್ಬಿ ಮುನ್ನೂರು ಮನೆಗಳು ಬೂದಿಯಾದವು. ಕೈಗೂಸನ್ನು ಎತ್ತಿಕೊಂಡು ಓಡಲು ನೋಡಿದ ಡೋಜನನ್ನು, ಆ ಕೂಸನ್ನೂ ಬಿಡದೆ, ಕೊಂದರು. 1172ರಲ್ಲಿ ಇನ್ನೊಬ್ಬ ಡೋಜ ಸೋತ ನೌಕಾಪಡೆಯೊಂದಿಗೆ ಪ್ಲೇಗನ್ನೂ ಊರಿಗೆ ತಂದನೆಂದು ನಡುಬೀದಿಯಲ್ಲಿ ಇರಿತಕ್ಕೆ ಬಲಿಯಾದ.

ಈ ಕೊನೆಯ ಕೊಲೆಯ ನಂತರ ಊರಿನ ಧನಿಕ ವರ್ತಕರು ಎಚ್ಚೆತ್ತರು. ಡೋಜನ ದರ್ಪದ ಭಯ ಒಂದು ಕಡೆ, ರೊಚ್ಚಿಗೆದ್ದ ಜನರ ಭಯ ಇನ್ನೊಂದು ಕಡೆ. ಇವೆರಡರ ನಡುವೆ ಆಯ್ಕೆಯ ಕೆಲಸವನ್ನು ಅವರು ತಮ್ಮ ಕೈಗೆ ತೆಗೆದುಕೊಂಡರು. ಮೊದಲು ಹನ್ನೊಂದು ಮಂದಿ ಆಯ್ಕೆದಾರರು. ಸ್ವಲ್ಪ ಕಾಲದಲ್ಲೇ ಅದು ನಲವತ್ತಾಯಿತು. ಸರಿಸಂಖ್ಯೆಯ ಅಪಾಯ ಯಾರಿಗೂ ಹೊಳೆಯಲಿಲ್ಲವೆಂದು ಕಾಣುತ್ತದೆ. 1229ರಲ್ಲಿ ಯಾಕೊಪೊ ತಿಯೆಪೊಲೊ, ಮರೀನೊ ದಾಂದೊಲೊ ಎಂಬ ಇಬ್ಬರಿಗೆ ತಲಾ ಇಪ್ಪತ್ತು ಮತ ಬಿದ್ದು ಕೆಲಸ ನಿಂತುಹೋಯಿತು. ಕೊನೆಗೆ ಅದೃಷ್ಟಕ್ಕೆ ಬಿಟ್ಟರು, ತಿಯೆಪೊಲೊ ಗೆದ್ದ. ಆಮೇಲೆ ನಲವತ್ತು ನಲವತ್ತೊಂದಾಯಿತು. ನನಗೆ ಮುಖ್ಯವಾಗಿ ತೋರುವುದು ಆ ಒಂದು ಮತವಲ್ಲ. ಅದೃಷ್ಟ ತೀರ್ಮಾನಿಸಿದ್ದನ್ನು ಎರಡು ಕಡೆಯವರೂ ಒಪ್ಪಿಕೊಂಡು ಮನೆಗೆ ಹೋದರಲ್ಲ, ಅದು.

1268ರಲ್ಲಿ ಹುಟ್ಟಿದ ನಿಯಮದಲ್ಲಿ ಈ ಅನುಭವದ ನೆರಳಿದೆ. ಓದುಗರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಡೋಜ ಸತ್ತೊಡನೆ ಮಹಾಸಭೆಯಲ್ಲಿ ಮೂವತ್ತು ವರ್ಷ ದಾಟಿದ ಸದಸ್ಯರೆಲ್ಲ ಸೇರಬೇಕು. ಅಧಿಕಾರಿಗಳಲ್ಲಿ ಎಲ್ಲರಿಗಿಂತ ಕಿರಿಯನು ಸಂತ ಮಾರ್ಕನ ಗುಡಿಗೆ ಹೋಗಿ ಪ್ರಾರ್ಥನೆ ಮಾಡಿ, ಹೊರಗೆ ಬಂದಾಗ ಮೊದಲು ಎದುರಾದ ಹುಡುಗನೊಬ್ಬನನ್ನು ಕೈಹಿಡಿದು ಕರೆತರುತ್ತಾನೆ. ಹುಡುಗ ಎಂಟು ಹತ್ತು ವರ್ಷದವನು. ಯಾರ ಮಗನಾದರೂ ಆದೀತು. ಅವನು ಪಾತ್ರೆಗೆ ಕೈಹಾಕಿ ಒಬ್ಬೊಬ್ಬರಿಗೂ ಒಂದೊಂದು ಉಂಡೆ ಎತ್ತಿಕೊಡುತ್ತಾನೆ. ಗುರುತಿನ ಉಂಡೆ ಬಂದ ಮೂವತ್ತು ಮಂದಿ ಉಳಿದು ಮಿಕ್ಕವರು ಹೊರಗೆ. ಒಬ್ಬನಿಗೆ ಉಂಡೆ ಬಂದರೆ ಆ ಮನೆತನದ ಉಳಿದವರಿಗೆ ಅವಕಾಶವಿಲ್ಲ. ಈ ಮೂವತ್ತರಲ್ಲಿ ಮತ್ತೆ ಉಂಡೆ ಎತ್ತಿ ಒಂಬತ್ತು ಮಂದಿಯನ್ನು ಉಳಿಸುವುದು. ಈ ಒಂಬತ್ತು ಮಂದಿ ಸೇರಿ ಮತ ಹಾಕಿ ನಲವತ್ತು ಮಂದಿಯನ್ನು ಆರಿಸಬೇಕು. ಆ ನಲವತ್ತು ಉಂಡೆಯಿಂದ ಹನ್ನೆರಡಾಗುತ್ತದೆ. ಹನ್ನೆರಡು ಮಂದಿ ಇಪ್ಪತ್ತೈದು ಜನರನ್ನು ಆರಿಸುತ್ತಾರೆ; ಅದು ಉಂಡೆಯಿಂದ ಒಂಬತ್ತಕ್ಕೆ ಇಳಿಯುತ್ತದೆ. ಆ ಒಂಬತ್ತು ನಲವತ್ತೈದನ್ನು, ನಲವತ್ತೈದರಲ್ಲಿ ಉಳಿದ ಹನ್ನೊಂದು ಕೊನೆಯ ನಲವತ್ತೊಂದನ್ನು. ಈ ನಲವತ್ತೊಂದು ಮಂದಿ ಡೋಜನನ್ನು ಆರಿಸುತ್ತಾರೆ. ಗೆಲ್ಲಲು ಇಪ್ಪತ್ತೈದು ಮತವಾದರೂ ಬೇಕು.

ಲೆಕ್ಕ ತಪ್ಪಿತೇ? ಅವರ ಉದ್ದೇಶವೂ ಬಹುಶಃ ಅದೇ ಇದ್ದೀತು. ಯಾರ ಮತವನ್ನು ಕೊಳ್ಳಬೇಕೆಂದು ಗೊತ್ತಿದ್ದರೆ ತಾನೆ ಹಣದ ಚೀಲ ಬಿಚ್ಚುವುದು? ಐದು ಸಲ ಅದೃಷ್ಟ, ಐದು ಸಲ ಆಯ್ಕೆ. ಇವತ್ತು ಮನೆಗೆ ಕರೆದು ಔತಣವಿತ್ತವನು ನಾಳೆ ಉಂಡೆ ಸಿಗದೆ ಹೊರಗೆ ಬೀಳುತ್ತಾನೆ. ಅದೃಷ್ಟವೊಂದನ್ನೇ ನೆಚ್ಚಿದರೆ ಅಯೋಗ್ಯನೂ ಬಂದಾನೆಂದು ನಡುನಡುವೆ ಆಯ್ಕೆಯನ್ನಿಟ್ಟರು. ಆ ಆಯ್ಕೆಯಲ್ಲೂ ಬರಿಯ ಬಹುಮತ ಸಾಲದು. ಒಂಬತ್ತು ಮಂದಿ ಕುಳಿತಾಗ ಏಳು ಮಂದಿ ಒಪ್ಪಬೇಕು. ಗುಂಪುಗಾರಿಕೆಗೆ ಮುಖ್ಯ ಅಡ್ಡಿ ಅದೇ ಆಗಿತ್ತು.

ಹುಡುಗನ ಕೈಯಿಂದ ಎತ್ತಿಸುವ ಈ ಪದ್ಧತಿ ನಮ್ಮವರಿಗೆ ಹೊಸತಲ್ಲ. ವೆನಿಸ್ಸಿನ ನಿಯಮಕ್ಕೆ ಸುಮಾರು ಮುನ್ನೂರೈವತ್ತು ವರ್ಷ ಮೊದಲೇ ತಮಿಳುನಾಡಿನ ಕಾಂಚೀಪುರದ ಬಳಿಯ ಉತ್ತರಮೇರೂರಿನಲ್ಲಿ, ಚೋಳರ ಮೊದಲನೆಯ ಪರಾಂತಕನ ಕಾಲದಲ್ಲಿ, ಇಂಥದೇ ನಿಯಮವನ್ನು ಗುಡಿಯ ಕಲ್ಲಿನಲ್ಲಿ ಕೆತ್ತಿದರು. ಊರಿನ ಮೂವತ್ತು ಭಾಗಗಳಿಗೂ ಹೆಸರು ಬರೆದ ಓಲೆಗಳ ಕಟ್ಟು, ಅವು ಕೊಡದೊಳಗೆ, ಏನೂ ಅರಿಯದ ಹುಡುಗನೊಬ್ಬ ಓಲೆ ಎತ್ತಬೇಕು, ಅದನ್ನು ತೆಗೆದುಕೊಳ್ಳುವ ಮಧ್ಯಸ್ಥನು ಐದು ಬೆರಳನ್ನೂ ಅಗಲಿಸಿ ಬರಿಯ ಅಂಗೈಯನ್ನು ಚಾಚಬೇಕು. ಬೆರಳ ಸಂದಿಯಲ್ಲಿ ಬೇರೆ ಓಲೆ ಅಡಗಿಸಿದ ಚತುರರು ಆ ಊರಿನಲ್ಲೂ ಇದ್ದಿರಲೇಬೇಕು! ಹಿಂದೆ ಲೆಕ್ಕ ಒಪ್ಪಿಸದವನಿಗೆ ಮಾತ್ರವಲ್ಲ, ಅವನ ನೆಂಟರಿಗೂ ಸ್ಥಾನವಿಲ್ಲ. 919ರಲ್ಲಿ ಕೆತ್ತಿಸಿದ ನಿಯಮವನ್ನು ಎರಡೇ ವರ್ಷಕ್ಕೆ, 921ರಲ್ಲಿ, ತಿದ್ದಿ ಮತ್ತೆ ಕೆತ್ತಿಸಿದರು. ಎರಡು ಊರುಗಳಿಗೂ ಒಬ್ಬರ ಸುದ್ದಿ ಒಬ್ಬರಿಗೆ ತಿಳಿದಿರಲಾರದು. ದೊಡ್ಡವರ ಕೈಯನ್ನು ನಂಬಬಾರದೆಂಬ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮನಸ್ಸು.

ಮತ್ತೆ ವೆನಿಸ್ಸಿಗೆ ಬರೋಣ. ನಲವತ್ತೊಂದು ಮಂದಿಯನ್ನು ಕೋಣೆಗಳಲ್ಲಿ ಕೂಡಿ ಬೀಗ ಹಾಕುತ್ತಿದ್ದರು. ಒಬ್ಬೊಬ್ಬನೂ ತನಗೆ ಬೇಕಾದವನ ಹೆಸರು ಬರೆದು ಹಾಕಬೇಕು. ಅದರಿಂದ ಒಂದು ಚೀಟಿ ಎತ್ತಿ ಆ ಹೆಸರನ್ನು ಚರ್ಚೆಗೆ ತೆಗೆದುಕೊಳ್ಳುತ್ತಾರೆ. ಹೆಸರಿನವನು ಅಲ್ಲೇ ಇದ್ದರೆ ಎದ್ದು ಹೊರಗೆ ಹೋಗಬೇಕು. ಅವನ ಮೇಲಿನ ದೂರುಗಳನ್ನೆಲ್ಲ ಮಿಕ್ಕವರು ಹೇಳುತ್ತಾರೆ. ಬಳಿಕ ಅವನನ್ನು ಕರೆಸಿ ದೂರುಗಳನ್ನು ಓದಿ ಹೇಳಿ ಉತ್ತರ ಕೇಳುತ್ತಾರೆ. ಮತದಾನ ಆಮೇಲೆ. ಈ ಒಂದು ನಿಯಮವನ್ನಾದರೂ ಕಡ ತರಬಾರದೇ ಎಂದು ಕೈಮುಗಿದು ಮನೆಬಾಗಿಲಿಗೆ ಬರುವ ಅಭ್ಯರ್ಥಿಗಳನ್ನು ಕಂಡಾಗಲೆಲ್ಲ ನನಗೆ ಅನ್ನಿಸುವುದುಂಟು.

ಗೆದ್ದವನ ಪಾಡೇನು? ಅವನ ಅಧಿಕಾರಕ್ಕೆ ಕಟ್ಟು ಹಾಕುವ ಪ್ರಮಾಣವಚನವೊಂದಿತ್ತು. ಒಬ್ಬೊಬ್ಬ ಡೋಜ ಸತ್ತಾಗಲೂ ಅದನ್ನು ಪರಿಶೀಲಿಸಿ ಹೊಸ ಗಂಟು ಸೇರಿಸಲು ತಿದ್ದುಪಡಿಗಾರರ ಸಮಿತಿಯೇ ಇತ್ತು. ಪರದೇಶದಿಂದ ಬಂದ ಪತ್ರವನ್ನು ಸಲಹೆಗಾರರಿಲ್ಲದೆ ಒಡೆಯುವಂತಿಲ್ಲ. ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ. ಹದಿನಾರನೆಯ ಶತಮಾನದ ಆರಂಭದಿಂದ ಸತ್ತ ಡೋಜನ ಆಡಳಿತವನ್ನು ಮೂವರು ವಿಚಾರಣಾಧಿಕಾರಿಗಳು ಶೋಧಿಸಿ, ತಪ್ಪು ಕಂಡರೆ ಮಕ್ಕಳಿಂದ ದಂಡ ವಸೂಲು ಮಾಡುತ್ತಿದ್ದರು.

ಡೋಜನ ಮಾತು ದೊಡ್ಡದು. ಆದರೆ ನಗರದ ದಿನನಿತ್ಯದ ಬಾಳು ನಡೆಯುತ್ತಿದ್ದುದು ನೂರಾರು ಸಣ್ಣ ಅಧಿಕಾರಿಗಳಿಂದ. ಧಾನ್ಯದ ಉಗ್ರಾಣ, ಉಪ್ಪಿನ ಸುಂಕ, ಕಾಲುವೆಗಳ ಹೂಳು, ಸಾಂಕ್ರಾಮಿಕ ರೋಗ, ಪ್ರತಿಯೊಂದಕ್ಕೂ ಅಧಿಕಾರಿ. ಬಹುಪಾಲಿನವರ ಅವಧಿ ಕೆಲವು ತಿಂಗಳಿಂದ ಒಂದೆರಡು ವರ್ಷ. ಹೀಗಾಗಿ ಮಹಾಸಭೆ ಭಾನುವಾರಗಳಂದು ಸೇರಿ ಆರಿಸುತ್ತಲೇ ಇರಬೇಕಾಗಿತ್ತು. ಇಲ್ಲೂ ಅದೇ ಕ್ರಮ: ಹೆಸರು ಸೂಚಿಸುವವರು ಯಾರೆಂದು ಚಿನ್ನದ ಬಣ್ಣದ ಉಂಡೆ ಹೇಳುತ್ತದೆ, ಸಭೆ ಬಟ್ಟೆಯ ಉಂಡೆ ಹಾಕುತ್ತದೆ, ಅಭ್ಯರ್ಥಿಯ ನೆಂಟರು ಆ ಹೊತ್ತಿಗೆ ಹೊರಗೆ.

ಮತ ಕೇಳುವುದು ನಿಷಿದ್ಧ. ಆದರೂ ಅರಮನೆಯ ಮುಂದಿನ ಕಂಬಗಳ ಸಾಲಿನಲ್ಲಿ ಶ್ರೀಮಂತರು ಬೆಳಗಿನ ಹೊತ್ತು ಅಡ್ಡಾಡುತ್ತ, ಒಬ್ಬರಿಗೊಬ್ಬರು ಬಗ್ಗಿ ನಮಸ್ಕರಿಸುತ್ತ ಮಾಡುತ್ತಿದ್ದುದು ಅದನ್ನೇ. ಆ ಜಾಗಕ್ಕೆ ಬ್ರೊಲ್ಯೊ ಎಂದು ಹೆಸರು. ಇಟಲಿಯಲ್ಲಿ ಇಂದಿಗೂ ಚುನಾವಣೆಯ ಮೋಸಕ್ಕೆ ಬ್ರೊಲ್ಯೊ ಎನ್ನುತ್ತಾರೆ. ಚುನಾವಣೆಯ ಉಂಡೆಯನ್ನೂ ಅದರ ಮೋಸವನ್ನೂ ಹೆಸರಿಸುವ ಭಾಗ್ಯ ಒಂದೇ ಊರಿಗೆ ಬಂತು.

ಇಷ್ಟೆಲ್ಲ ಮಾಡಿ ಫಲವೇನು? 1268ರ ನಿಯಮದಂತೆ ಮೊದಲು ಆರಿಸಿಬಂದವನು ಲೊರೆಂಜೊ ತಿಯೆಪೊಲೊ. ಹಿಂದೆ ಅದೃಷ್ಟದಿಂದ ಗೆದ್ದ ಯಾಕೊಪೊನ ಮಗ! 1486ರಲ್ಲಿ ಬಾರ್ಬರೀಗೊ ಮನೆತನದ ಅಣ್ಣ ಸತ್ತಾಗ ತಮ್ಮನೇ ಡೋಜನಾದ. ಅವನ್ಯೂನ ಜಾಲದ ಕಣ್ಣುಗಳಿಂದಲೂ ದೊಡ್ಡ ಮೀನು ನುಸುಳುತ್ತಿತ್ತು. 1354ರಲ್ಲಿ ಇದೇ ನಿಯಮದಿಂದ ಬಂದ ಮುದುಕ ಮರೀನೊ ಫಾಲಿಯೇರೊ ಮರುವರ್ಷವೇ ಶ್ರೀಮಂತರನ್ನೆಲ್ಲ ಕೊಂದು ಅರಸನಾಗಲು ಸಂಚು ಹೂಡಿ ತಲೆ ಕಳೆದುಕೊಂಡ. ಮಹಾಸಭೆಯ ಗೋಡೆಯ ಮೇಲೆ ಡೋಜರ ಚಿತ್ರಗಳ ಸಾಲಿನಲ್ಲಿ ಅವನ ಜಾಗದಲ್ಲಿ ಕಪ್ಪು ಪರದೆಯ ಚಿತ್ರವಿದೆ.

ಆದರೆ ದೊಡ್ಡ ಬಿರುಕು ಬೇರೆಡೆಯಿತ್ತು. 1297ರಲ್ಲಿ ಮಹಾಸಭೆಯ ಬಾಗಿಲು ಮುಚ್ಚಿತು. ಆಗ ಒಳಗಿದ್ದ ಮನೆತನಗಳೇ ಇನ್ನು ಮುಂದೆಯೂ ಒಳಗೆ. ಹದಿನಾರನೆಯ ಶತಮಾನದಲ್ಲಿ ಊರಿನ ಜನ ಒಂದೂವರೆ ಲಕ್ಷದಷ್ಟು, ಸಭೆಯಲ್ಲಿದ್ದವರು ಎರಡೂವರೆ ಸಾವಿರದಷ್ಟು ಗಂಡಸರು. ಹೊಸ ಡೋಜನನ್ನು ತೋರಿಸಿ ಜನರ ಒಪ್ಪಿಗೆ ಕೇಳುವ ಶಾಸ್ತ್ರವನ್ನು 1423ರಲ್ಲಿ ಬಿಟ್ಟುಬಿಟ್ಟರು. ಉಂಡೆ ಎತ್ತುವ ಹುಡುಗ ಬೀದಿಯಿಂದ ಬರಬಹುದಿತ್ತು, ಅವನಪ್ಪನಿಗೆ ಮತವಿರಲಿಲ್ಲ. 1310ರಲ್ಲಿ ದಂಗೆಯೆದ್ದ ಬಾಯಮೊಂತೆ ತಿಯೆಪೊಲೊ, ಲೊರೆಂಜೊ ಡೋಜನ ಮೊಮ್ಮಗ. ಅವನ ದಂಡು ಓಣಿಯಲ್ಲಿ ಬರುವಾಗ ಮುದುಕಿಯೊಬ್ಬಳು ಕಿಟಕಿಯಿಂದ ಒರಳನ್ನು ಕೆಡವಿದಳು. ಬಾವುಟ ಹಿಡಿದವನು ಸತ್ತು ದಂಡು ಚೆದರಿತು. ಏನು ಬೇಕೆಂದು ಸರಕಾರ ಕೇಳಿದಾಗ ಅವಳು ಬೇಡಿದ ವರಗಳಲ್ಲೊಂದು, ತನ್ನ ಮನೆಬಾಡಿಗೆಯನ್ನು ಏರಿಸಬಾರದೆಂಬುದು. ಮತದ ಹಕ್ಕನ್ನು ಅವಳು ಕೇಳಲಿಲ್ಲ, ಕೇಳಿದ್ದರೂ ಕೊಡುತ್ತಿರಲಿಲ್ಲ.

ಹದಿನೇಳನೆಯ ಶತಮಾನದಲ್ಲಿ ಕ್ರೀಟ್ ದ್ವೀಪದ ಯುದ್ಧಕ್ಕೆ ಹಣ ಸಾಲದೆ ಒಂದು ಲಕ್ಷ ಡುಕಾಟಿಗೆ ಒಂದು ಮನೆತನದಂತೆ ಸಭೆಯ ಬಾಗಿಲನ್ನು ಮಾರಿದರು. ಒಳಗಿದ್ದ ಹಳೆಯ ಕುಲೀನರಲ್ಲಿ ದಿವಾಳಿಯಾದವರು ಸಂತ ಬರ್ನಬನ ಕೇರಿಯಲ್ಲಿ ನೆಲೆಸಿ ತಮ್ಮ ಉಂಡೆಯನ್ನು ಮಾರಿಕೊಂಡು ಬದುಕಿದರು. ಬಟ್ಟೆಯ ಉಂಡೆ ಆಗಲೂ ಸದ್ದು ಮಾಡುತ್ತಿರಲಿಲ್ಲ.

ಕೊನೆಯ ಡೋಜ ಲುದೊವಿಕೊ ಮಾನಿನ್ 1789ರಲ್ಲಿ ಬಂದ, ಅದೇ ಹಳೆಯ ಲೆಕ್ಕದಂತೆ. 1797ರಲ್ಲಿ ನೆಪೋಲಿಯನ್ನನ ಸೈನ್ಯ ಕಡಲಂಚಿಗೆ ಬಂದು ನಿಂತಿತು. ಮೇ 12ರಂದು ಸಭೆ ಸೇರಿತು. ವಿಷಯ ಒಂದೇ: ಸಭೆ ತನ್ನನ್ನು ತಾನೇ ರದ್ದುಮಾಡಿಕೊಳ್ಳುವುದು. ನಿಯಮದಂತೆ 600 ಮಂದಿ ಇರಬೇಕು, ಇದ್ದವರು 537. ಚರ್ಚೆ ನಡೆದಿರುವಾಗ ಹೊರಗೆ ಗುಂಡಿನ ಸದ್ದಾಯಿತು. ಊರು ಬಿಟ್ಟು ಹೊರಟಿದ್ದ ಡಾಲ್ಮೇಷಿಯದ ಸೈನಿಕರು ಹಡಗಿನಿಂದ ಹಾರಿಸಿದ ವಿದಾಯದ ಗುಂಡು ಅದು. ದಂಗೆಯೇ ಎದ್ದಿತೆಂದು ಹೆದರಿದ ಸದಸ್ಯರು ಅವಸರವಾಗಿ ಉಂಡೆ ಹಾಕಿ ಓಡಿದರು. ಮಾನಿನ್ ತನ್ನ ಕೋಣೆಗೆ ಹೋಗಿ, ಡೋಜನ ಕಿರೀಟದ ಕೆಳಗೆ ತೊಡುವ ಬಿಳಿಯ ಕುಲಾವಿಯನ್ನು ತೆಗೆದು, ಇನ್ನು ಇದು ಬೇಕಾಗದೆಂದು ಹೇಳಿ ಸೇವಕನ ಕೈಗೆ ಕೊಟ್ಟನಂತೆ.